ಅನ್ನದ ಲೆಕ್ಕ ಬರೆದ ಕಲ್ಲು

ಕಳೆದ ವಾರ ಸುಲೇಪೇಟದ ಝೆರಾಕ್ಸ್ ಅಂಗಡಿಯೊಂದರಲ್ಲಿ ಹೊಲದ ಪಹಣಿ ತೆಗೆಸಲು ನಿಂತಿದ್ದೆ. ನನ್ನ ಮುಂದೆ ಒಬ್ಬ ಹುಡುಗಿ, ಅವಳ ಜೊತೆ ಅಪ್ಪ. ತೊಗರಿ ರಾಶಿ ಮುಗಿಸಿ ನೇರ ಬಂದವರಿರಬೇಕು, ಅವರ ಅಂಗಿಯ ಕಾಲರಿನ ಮೇಲೆ ಹೊಟ್ಟು ಇನ್ನೂ ಕೂತಿತ್ತು. ಹುಡುಗಿ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದಾಳೆ. ಪಿಎಚ್.ಡಿ.ಗೆ ಅರ್ಜಿ ಹಾಕಬೇಕು. ವಿಶ್ವವಿದ್ಯಾಲಯವೊಂದರ ಪ್ರಕಟಣೆ ಫೋನಿನಲ್ಲಿತ್ತು, ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದುತ್ತಿದ್ದಳು. ಅಪ್ಪ ಪಕ್ಕದಿಂದ ಬಗ್ಗಿ ಕೇಳಿದರು:

“ಯವ್ವಾ, ತಿಂಗಳಿಗಿ ಎಷ್ಟ ಕೊಡ್ತಾರ ಅಂತ ಎಲ್ಲಿ ಬರದಾರ ನೋಡು.”

“ಅದು ಇದ್ರಾಗ ಇಲ್ಲಪ್ಪಾ. ಅದಕ್ಕ ಬ್ಯಾರೆ ನೋಟಿಫಿಕೇಶನ್ ಬರ್ತದ.”

“ಹೇಳಿಕೊಡೋರು ಯಾರು?”

“ಗೈಡ್ ಇಂಟರ್‌ವ್ಯೂ ಆದ ಮ್ಯಾಲೆ ಗೊತ್ತಾಗ್ತದ.”

“ಇರೋದೆಲ್ಲಿ?”

“ಹಾಸ್ಟೆಲ್‌ದು ಸೀಟ್ ಸಿಕ್ಕ ಮ್ಯಾಲೆ.”

“ಹಂಗಾದ್ರ ಇದ್ರಾಗ ಏನದ?”

“ಫೀಸ್ ಅದ, ಲಾಸ್ಟ್ ಡೇಟ್ ಅದ.”

ಅಪ್ಪ ಮುಂದೆ ಏನೂ ಅನ್ನಲಿಲ್ಲ. ಆದರೆ ಆ ಮೂರು ಪ್ರಶ್ನೆ ನನ್ನನ್ನು ಅಲ್ಲಿಂದ ಚಿತ್ತಾಪುರಕ್ಕೆ, ನಾಗಾವಿಗೆ ಎಳೆದುಕೊಂಡು ಹೋದವು. ಯಾಕೆಂದರೆ ಹೇಳಿಕೊಡುವವರು ಯಾರು, ಕಲಿಯುವವರೆಷ್ಟು, ಅವರ ಹೊಟ್ಟೆಗೇನು ಎಂಬ ಮೂರನ್ನೂ ಒಂದೇ ಕಲ್ಲಿನ ಮೇಲೆ ಬರೆದಿಟ್ಟ ನೆಲ ಅದು.

ನಾಗಾವಿ ಚಿತ್ತಾಪುರದ ಮಗ್ಗುಲಲ್ಲೇ ಇದೆ. ಯಲ್ಲಮ್ಮನ ಜಾತ್ರೆಗೆ ಹೋಗುವವರು ಅರವತ್ತು ಕಂಬದ ಗುಡಿಯನ್ನು ನೋಡಿಯೇ ಬರುತ್ತಾರೆ. ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಕ್ರಿ.ಶ. 1058ರ ಶಾಸನದಲ್ಲಿ, ಇಲ್ಲಿನ ಘಟಿಕಾಸ್ಥಾನದ, ಅಂದರೆ ವಿದ್ಯಾಕೇಂದ್ರದ, ವ್ಯವಸ್ಥೆ ಬರೆಯಲಾಗಿದೆ. ಮಾಡಿಸಿದವನು ದಂಡನಾಯಕ ಮಧುಸೂದನ. ವೇದ ಓದುವವರು ಇನ್ನೂರು ಜನ, ಶಾಸ್ತ್ರ ಓದುವವರು ಐವತ್ತರಷ್ಟು. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಶಾಸ್ತ್ರದವರಲ್ಲಿ ಯಾರು ಯಾವ ವಿಷಯ ಹೇಳಬೇಕು ಎಂಬುದೂ ಬೇರೆ ಬೇರೆಯಾಗಿ ಇದೆ. ಇಷ್ಟಕ್ಕೇ ನಿಂತಿದ್ದರೆ ಇದೂ ಒಂದು ದಾನಶಾಸನ ಎಂದು ಮುಂದೆ ನಡೆಯಬಹುದಿತ್ತು. ಆದರೆ ಆ ಪಟ್ಟಿಯಲ್ಲಿ ಇನ್ನೂ ಆರು ಜನರಿದ್ದಾರೆ. ಅವರು ಸರಸ್ವತೀ ಭಂಡಾರದವರು, ಅಂದರೆ ಗ್ರಂಥಗಳನ್ನು ಕಾಯುವವರು, ಇಂದಿನ ಮಾತಿನಲ್ಲಿ ಲೈಬ್ರರಿಯನ್‌ಗಳು. ಪಾಠ ಹೇಳುವವರು ಎಷ್ಟೋ ಪುಸ್ತಕ ಕಾಯುವವರೂ ಅಷ್ಟೇ. ಇವರೆಲ್ಲರ ಜೀವನಕ್ಕೆ ಮತ್ತರಿನ ಲೆಕ್ಕದಲ್ಲಿ ಭೂಮಿ ಬಿಟ್ಟಿದ್ದಾರೆ. ವಿದ್ಯಾರ್ಥಿಗಳ ಊಟ ಬಟ್ಟೆಯ ಏರ್ಪಾಡೂ ಆ ದತ್ತಿಯೊಳಗೇ ಬರುತ್ತದೆ.

ನಿಜಾಮ ಸರಕಾರದ ಪುರಾತತ್ವ ಇಲಾಖೆ ನಾಗಾವಿಯ ಶಾಸನಗಳನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ ಮೇಲೆ ಇತಿಹಾಸಕಾರರು ಇದನ್ನು ಮತ್ತೆ ಮತ್ತೆ ಉದಾಹರಿಸಿದ್ದಾರೆ. ನಮ್ಮ ಭಾಗದಲ್ಲಿ ಸಭೆ ಸಮಾರಂಭ ಎಲ್ಲೇ ಆಗಲಿ, ನಾಗಾವಿಯನ್ನು ದಕ್ಷಿಣದ ನಾಲಂದಾ ಅನ್ನುವುದು ರೂಢಿಯಾಗಿದೆ. ಆ ಬಿರುದಿಗಿಂತ ಅದರ ಲೆಕ್ಕಪತ್ರ ನನಗೆ ದೊಡ್ಡದು. ಇದನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಆ ಇನ್ನೂರೈವತ್ತು ಜನರಲ್ಲಿ ಹೆಣ್ಣುಮಗಳಿಗೆ ಜಾಗವಿರಲಿಲ್ಲ. ಹೊಲ ಉತ್ತು ಆ ದತ್ತಿಯ ಧಾನ್ಯ ಬೆಳೆದವರ ಮಗನಿಗೂ ಇರಲಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ನಿಂತ ಆ ಅಪ್ಪ ಮಗಳು ಇಬ್ಬರೂ ಅಂದು ಹೊರಗಿನವರೇ. ಬಾಗಿಲು ಈಗ ತೆರೆದಿದೆ, ಅದು ಸಣ್ಣ ಮಾತಲ್ಲ. ನನ್ನ ಸಂಕಟವೆಂದರೆ, ಬಾಗಿಲು ಎಲ್ಲರಿಗೂ ತೆರೆಯುವ ಹೊತ್ತಿಗೆ ಒಳಗಿನ ಅಡುಗೆಮನೆಯ ಲೆಕ್ಕ ಬರೆಯುವುದನ್ನು ಬಿಟ್ಟುಬಿಟ್ಟೆವು.

ಈ ಭಾಗದ ಹಳೆಯ ಮನೆಗಳಲ್ಲಿ ಟ್ರಂಕು ತೆಗೆದರೆ ವಿಶ್ವವಿದ್ಯಾಲಯಗಳ ಚರಿತ್ರೆಯೇ ಸಿಗುತ್ತದೆ. ಮುತ್ಯಾನ ಸರ್ಟಿಫಿಕೇಟು ಹೈದರಾಬಾದಿನ ಉಸ್ಮಾನಿಯಾದ್ದು. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಪರೀಕ್ಷೆಯಲ್ಲಿ ಉರ್ದು ಎಂದು ಮೂರನ್ನೂ ನಿಭಾಯಿಸಿದ ತಲೆಮಾರು ಅದು. 1956ರಲ್ಲಿ ರಾಜ್ಯಗಳು ಹೊಸದಾಗಿ ಆದಾಗ ನಮ್ಮ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಹಾಗಾಗಿ ಕಾಕಾನ ಸರ್ಟಿಫಿಕೇಟಿನ ಮೇಲೆ ಧಾರವಾಡದ ಮುದ್ರೆ. ಎಂ.ಎ. ಮಾಡಬೇಕೆಂದರೆ ಧಾರವಾಡಕ್ಕೇ ಗಂಟುಮೂಟೆ ಕಟ್ಟಬೇಕಿತ್ತು. 1970ರಲ್ಲಿ ಕಲಬುರಗಿಯಲ್ಲಿ ಧಾರವಾಡದ ಸ್ನಾತಕೋತ್ತರ ಕೇಂದ್ರ ತೆರೆಯಿತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಟ್ರಂಕಿನ ಮೂರನೆಯ ಸರ್ಟಿಫಿಕೇಟು ಅದರದ್ದು. ಆಗ ಬೀದರಿನಿಂದ ಬಳ್ಳಾರಿಯವರೆಗೆ ಎಲ್ಲ ಕಾಲೇಜುಗಳೂ ಅದರ ಕೆಳಗೇ ಇದ್ದವು. 2009ರ ಕಾಯ್ದೆಯಿಂದ ಕೇಂದ್ರೀಯ ವಿಶ್ವವಿದ್ಯಾಲಯವೂ ಬಂದು ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆ ನಿಂತಿತು. ಇನ್ನು ಬಳ್ಳಾರಿಗೆ 2010ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾಯಿತು, ಆಮೇಲೆ ರಾಯಚೂರಿಗೆ, ಆಮೇಲೆ ಬೀದರಿಗೆ.

ಮನೆಯ ಹತ್ತಿರಕ್ಕೆ ವಿಶ್ವವಿದ್ಯಾಲಯ ಬಂದರೆ ಯಾರು ಬೇಡ ಅನ್ನುತ್ತಾರೆ? ಆದರೆ ಒಂದು ಲೆಕ್ಕ ನೋಡಬೇಕು. ರಾಜ್ಯದ ವಿಶ್ವವಿದ್ಯಾಲಯಗಳ ದಿನದ ಖರ್ಚು ಬಹುಪಾಲು ನಡೆಯುವುದು ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ ಮತ್ತು ಮಕ್ಕಳು ಕಟ್ಟುವ ಪರೀಕ್ಷಾ ಶುಲ್ಕದಿಂದ. ಕಾಲೇಜುಗಳು ಹಂಚಿಹೋದರೆ ಆ ಹಣವೂ ಹಂಚಿಹೋಗುತ್ತದೆ. ಹೊಲ ಪಾಲಾದಾಗ ಬಾವಿ ಯಾರ ಪಾಲಿಗೆ ಎಂದು ನಮ್ಮ ರೈತರು ಮೊದಲು ಕೇಳುತ್ತಾರಲ್ಲ, ಆ ಪ್ರಶ್ನೆಯನ್ನು ಇಲ್ಲಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಹೊಸ ವಿಶ್ವವಿದ್ಯಾಲಯಗಳಲ್ಲಿ ಕೆಲವನ್ನು ಮತ್ತೆ ಹಳೆಯದರೊಳಗೆ ಸೇರಿಸುವ ಮಾತು 2025ರಲ್ಲಿ ಸರಕಾರದ ಮಟ್ಟದಲ್ಲೇ ಬಂತು.

ಈಗ ಆ ಹುಡುಗಿಯ ಅರ್ಜಿಗೆ ಬರೋಣ. ಸೀಟು ಎಂಬುದು ಎಲ್ಲಿಂದ ಬರುತ್ತದೆ? ಡಿಗ್ರಿಯಲ್ಲಾದರೆ ಬೆಂಚು ಕೋಣೆ ಹೆಚ್ಚಿಸಿ ಸೀಟು ಹೆಚ್ಚಿಸಬಹುದು. ಪಿಎಚ್.ಡಿ.ಯಲ್ಲಿ ಹಾಗಲ್ಲ. ಯುಜಿಸಿಯ 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8 ಜನರಿಗೆ, ಸಹ ಪ್ರಾಧ್ಯಾಪಕ 6 ಜನರಿಗೆ, ಸಹಾಯಕ ಪ್ರಾಧ್ಯಾಪಕ 4 ಜನರಿಗೆ ಮಾತ್ರ ಮಾರ್ಗದರ್ಶಕರಾಗಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅತಿಥಿ ಉಪನ್ಯಾಸಕರು ಎಷ್ಟೇ ಓದಿರಲಿ, ಎಷ್ಟೇ ವರ್ಷ ಪಾಠ ಮಾಡಿರಲಿ, ಗೈಡ್ ಆಗುವಂತಿಲ್ಲ. ಒಬ್ಬ ಪ್ರೊಫೆಸರ್ ನಿವೃತ್ತರಾಗಿ ಆ ಕುರ್ಚಿ ಖಾಲಿ ಉಳಿಯಿತು ಅನ್ನಿ. ಪಾಠಕ್ಕೆ ಅತಿಥಿಗಳನ್ನು ಹಾಕಿ ಹೇಗೋ ದಾಟಿಸುತ್ತಾರೆ, ಟೈಮ್ ಟೇಬಲಿನಲ್ಲಿ ಖಾಲಿ ಕಾಣುವುದಿಲ್ಲ. ಆದರೆ ಎಂಟು ಸಂಶೋಧನೆಗಳ ಜಾಗ ಸದ್ದಿಲ್ಲದೆ ಹೋಗಿರುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬೋಧಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ ಎಂಬ ಸುದ್ದಿ ಓದಿದಾಗಲೆಲ್ಲ ನಾನು ಈ ಗುಣಾಕಾರ ಮಾಡಿ ನೋಡುತ್ತೇನೆ.

ನಮಗೆ ಸಂವಿಧಾನದ 371ಜೆ ಇದೆ. 2013ರಿಂದ ಜಾರಿಗೆ ಬಂದ ಆ ವಿಧಿಯಡಿ ಕಲ್ಯಾಣ ಕರ್ನಾಟಕದೊಳಗಿನ ವಿದ್ಯಾಸಂಸ್ಥೆಗಳಲ್ಲಿ 70 ಪ್ರತಿಶತ ಸೀಟು ಸ್ಥಳೀಯರಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಪ್ರತಿಶತ. ವೈದ್ಯಕೀಯ, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದರಿಂದ ಎಷ್ಟು ಮನೆಗಳ ದೀಪ ಹತ್ತಿದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಪಿಎಚ್.ಡಿ. ವಿಷಯದಲ್ಲಿ 70 ಪ್ರತಿಶತ ಯಾವುದರದ್ದು? ವಿಭಾಗದಲ್ಲಿ ಒಬ್ಬರೇ ಗೈಡ್ ಉಳಿದು ಅವರ ಹತ್ತಿರ ಒಂದೇ ಜಾಗ ಖಾಲಿ ಇದ್ದರೆ ಮೀಸಲಾತಿಯ ಪಟ್ಟಿಗೆ ಮಾಡಲು ಕೆಲಸವೇ ಇರುವುದಿಲ್ಲ.

ಇನ್ನು ಆ ಅಪ್ಪನ ಮೊದಲ ಪ್ರಶ್ನೆ, ತಿಂಗಳಿಗೆಷ್ಟು. ಜೆಆರ್‌ಎಫ್ ಪಾಸಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಕ್ಕವರ ಕಷ್ಟ ಅರ್ಧ ತೀರಿದಂತೆಯೇ. ಸಿಗದವರಿಗೆ? ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೇರಿದ್ದರೆ ಯುಜಿಸಿಯ 8,000 ರೂಪಾಯಿಯ ಫೆಲೋಶಿಪ್ ಉಂಟು. ರಾಜ್ಯ ವಿಶ್ವವಿದ್ಯಾಲಯದಲ್ಲಿ ಸೇರಿದ್ದರೆ ಆ ಯೋಜನೆ ಅನ್ವಯವಾಗುವುದಿಲ್ಲ. ಒಂದೇ ಜಿಲ್ಲೆ, ಒಂದೇ ವಿಷಯ, ಒಂದೇ ಓದು. ಕಡಗಂಚಿಯಲ್ಲಿ ಕೂತವಳಿಗೆ ಒಂದು ನ್ಯಾಯ, ಕಲಬುರಗಿಯಲ್ಲಿ ಕೂತವಳಿಗೆ ಒಂದು. ಇನ್ನು ರಾಜ್ಯ ಸರಕಾರದ ಯುವನಿಧಿಯನ್ನು ನೋಡಿ. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷ. ಒಳ್ಳೆಯ ಯೋಜನೆ, ನಮ್ಮೂರಿನಲ್ಲೂ ಅದರಿಂದ ಉಸಿರಾಡಿದವರಿದ್ದಾರೆ. ಆದರೆ ಮುಂದೆ ಓದಲು ಸೇರಿದವರಿಗೆ ಅದಿಲ್ಲ. ಓದು ನಿಲ್ಲಿಸಿದವಳ ಕೈಗೆ ಮೂರು ಸಾವಿರ ಬರುತ್ತದೆ, ಓದು ಮುಂದುವರಿಸಿದವಳ ಕೈಯಿಂದ ಫೀಸು ಹೋಗುತ್ತದೆ. ಮನೆಯಲ್ಲಿ ಕೂತು ಲೆಕ್ಕ ಹಾಕುವ ತಾಯಿಗೆ ಯಾವುದು ಸರಿ ಕಾಣುತ್ತದೆ ಎಂದು ಹೇಳಬೇಕಾಗಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಬಸ್ ಚಾರ್ಜು ಉಳಿದದ್ದು ಈ ಲೆಕ್ಕದಲ್ಲಿ ದೊಡ್ಡ ಸಹಾಯ. ಬೆಳಗಿನ ಬಸ್ಸಿನಲ್ಲಿ ಬ್ಯಾಗು ಅಪ್ಪಿಕೊಂಡು ನಿಂತ ಹುಡುಗಿಯರನ್ನು ನೋಡಿದರೆ, ಮನೆಯಿಂದ ಹೊರಡುವುದಕ್ಕೆ ಎಷ್ಟು ಸಣ್ಣ ಮೊತ್ತ ಅಡ್ಡ ನಿಂತಿತ್ತು ಎಂಬುದು ತಿಳಿಯುತ್ತದೆ.

ಕಲಿಸುವವರ ತರಬೇತಿಯ ಮಾತನ್ನೂ ಆಡಬೇಕು. ಯುಜಿಸಿ 1987ರಿಂದಲೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ನಡೆಸಿತು. 2015ರಲ್ಲಿ ಅವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವಾಯಿತು, 2023ರಲ್ಲಿ ಮಾಳವೀಯ ಮಿಷನ್ ಆಯಿತು. ಪುನಶ್ಚೇತನ ಶಿಬಿರಕ್ಕೆ ಹೋಗಿ ಬಂದವರಲ್ಲಿ ಪಾಠದ ಧಾಟಿಯನ್ನೇ ಬದಲಿಸಿಕೊಂಡವರನ್ನು ಬಲ್ಲೆ. ಆದರೆ ಆ ಸರ್ಟಿಫಿಕೇಟು ಬಡ್ತಿಗೆ ಬೇಕು, ಬಡ್ತಿ ಇರುವುದು ಕಾಯಂ ನೌಕರರಿಗೆ. ಹಾಗಾಗಿ ಶಿಬಿರವೂ ಅವರ ಸುತ್ತಲೇ ನಡೆಯುತ್ತದೆ. ಚಿಂಚೋಳಿ, ಸೇಡಂ, ಶಹಾಬಾದಿನಂಥ ಊರುಗಳಲ್ಲಿ ತರಗತಿಯ ಭಾರ ಹೊತ್ತ ಅತಿಥಿ ಉಪನ್ಯಾಸಕ ವಾರಗಟ್ಟಲೆ ರಜೆ ಹಾಕಿ ತರಬೇತಿಗೆ ಹೋದರೆ ಮುಂದಿನ ಸೆಮಿಸ್ಟರಿಗೆ ಕರೆಯುತ್ತಾರೋ ಇಲ್ಲವೋ ಎಂಬ ಅಂಜಿಕೆಯಲ್ಲಿರುತ್ತಾನೆ. ಕಲಿಸುವವನ ಬದುಕು ಗಟ್ಟಿ ಮಾಡದೆ ಅವನ ಕಲಿಸುವಿಕೆಯನ್ನು ಗಟ್ಟಿ ಮಾಡುವುದು ಹೇಗೆ? ನಾಗಾವಿಯ ದಂಡನಾಯಕ ಮೊದಲು ಮತ್ತರು ಅಳೆದುಕೊಟ್ಟ.

ಪಠ್ಯಕ್ರಮದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. 2021-22ರಲ್ಲಿ ಡಿಗ್ರಿಗೆ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷ. ಒಂದೇ ಮನೆಯ ಅಕ್ಕನ ಅಂಕಪಟ್ಟಿ ಒಂದು ನಮೂನೆ, ತಮ್ಮನದ್ದು ಇನ್ನೊಂದು. ಅದರ ಸರಿ ತಪ್ಪು ಬಲ್ಲವರು ವಾದ ಮಾಡಲಿ. ನನಗೆ ಕಾಣುವುದಿಷ್ಟು: ಪ್ರತಿ ಬದಲಾವಣೆಗೂ ಸುತ್ತೋಲೆ ಬಂತು, ಆ ಬದಲಾವಣೆಯನ್ನು ಕಲಿಸುವವರು ಯಾರು ಎಂಬ ಸುತ್ತೋಲೆ ಬರಲಿಲ್ಲ.

ಇದರಲ್ಲಿ ಯಾರ ದುರುದ್ದೇಶವನ್ನೂ ನಾನು ಹುಡುಕುತ್ತಿಲ್ಲ. ಪ್ರವೇಶದ ಪ್ರಕಟಣೆ ಒಂದು ವಿಭಾಗದ ಕೆಲಸ, ಫೆಲೋಶಿಪ್ ಮತ್ತೊಂದರದ್ದು, ಹಾಸ್ಟೆಲ್ ಸಮಾಜ ಕಲ್ಯಾಣದವರದ್ದೋ ಹಿಂದುಳಿದ ವರ್ಗದವರದ್ದೋ, ಸ್ಕಾಲರ್‌ಶಿಪ್ಪಿಗೆ ಇನ್ನೊಂದು ಪೋರ್ಟಲ್, ಫೀಸಿಗೆ ಮಗದೊಂದು. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸ ಮಾಡುತ್ತಾರೆ. ಈ ತುಂಡುಗಳನ್ನೆಲ್ಲ ಜೋಡಿಸಿ ನೋಡುವ ಕೆಲಸ ಮಾತ್ರ ಬೀಳುವುದು ಹಳ್ಳಿಯಿಂದ ಮೊದಲ ಸಲ ಹೊರಟ ಮಗುವಿನ ತಲೆಯ ಮೇಲೆ. ಅಪ್ಪ ಓದಿದವನಾಗಿದ್ದರೆ, ಮಾಮ ಪ್ರೊಫೆಸರ್ ಆಗಿದ್ದರೆ ಫೋನಿನಲ್ಲೇ ಜೋಡಿಸಿಬಿಡುತ್ತಾರೆ. ಇಲ್ಲದವರ ಮಕ್ಕಳು ಒಂದೊಂದು ತುಂಡಿಗೆ ಒಂದೊಂದು ದಿನ ಬಸ್ಸು ಹತ್ತಬೇಕು.

ಒಂದು ಹಾಳೆ ಸಾಕು ಎಂದು ನನ್ನ ಮಾತು. ಇಂಥ ವಿಷಯಕ್ಕೆ ಇಷ್ಟು ಸೀಟು. ಗೈಡುಗಳು ಇಂಥವರು, ಒಬ್ಬೊಬ್ಬರ ಹತ್ತಿರ ಇಷ್ಟು ಜಾಗ ಖಾಲಿ. ಹಣ ಇಷ್ಟು, ಯಾವ ಯೋಜನೆಯಿಂದ, ಯಾರಿಗೆ. ಹಾಸ್ಟೆಲಿನಲ್ಲಿ ಇಷ್ಟು ಹಾಸಿಗೆ. ಲೈಬ್ರರಿ ಇಷ್ಟು ಗಂಟೆಯವರೆಗೆ. ಎಲ್ಲ ಕನ್ನಡದಲ್ಲಿ, ಆ ತೊಗರಿ ರಾಶಿಯ ಅಪ್ಪ ತಾನೇ ಓದಿಕೊಳ್ಳುವ ಹಾಗೆ. ಇದರಲ್ಲಿ ಹೊಸ ಬೇಡಿಕೆಯೂ ಇಲ್ಲ. ಪ್ರವೇಶಕ್ಕೆ ಮೊದಲೇ ಸೀಟುಗಳ ಸಂಖ್ಯೆ ತಿಳಿಸಬೇಕು, ಮಾರ್ಗದರ್ಶಕರ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಇಡಬೇಕು ಎಂದು 2022ರ ನಿಯಮದಲ್ಲೇ ಇದೆ. ಉಳಿದದ್ದನ್ನು ಅದರ ಪಕ್ಕ ಬರೆಯಬೇಕು, ಅಷ್ಟೇ. ಬರೆಯಲು ಕೂತಾಗಲೇ ಆಡಳಿತಕ್ಕೂ ತಿಳಿಯುತ್ತದೆ, ಎಲ್ಲಿ ಸೊನ್ನೆ ಬರೆಯಬೇಕಾಗುತ್ತದೆ ಎಂದು. ಕಲ್ಲಿನ ಮೇಲೆ ಬರೆಯುವವನಿಗೆ ಆ ಭಯವಿತ್ತು, ಒಮ್ಮೆ ಕೊರೆದರೆ ಅಳಿಸಲಿಕ್ಕಾಗದು.

ಅಂಗಡಿಯಲ್ಲಿ ಆ ಹುಡುಗಿಯನ್ನು ಕೇಳಿದೆ, ಯಾವ ವಿಷಯದ ಮೇಲೆ ಮಾಡಬೇಕೆಂದಿದ್ದೀಯವ್ವಾ ಎಂದು. ಅವಳು ಅಪ್ಪನ ಮುಖ ನೋಡಿ ಹೇಳಿದಳು: “ನೆಟೆ ರೋಗ ಬಂದ ವರ್ಷದ್ದು ರೀ. ತೊಗರಿ ಹ್ವಾದ ಮನ್ಯಾಗ ಮಕ್ಕಳ ಕಾಲೇಜ್ ಏನಾಯ್ತು ಅಂತ.” 2022ರ ಕೊನೆಗೆ ನಮ್ಮ ಜಿಲ್ಲೆಯ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಒಣಗಿ ನಿಂತದ್ದನ್ನು ಮರೆತವರಿಲ್ಲ. ಸರಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಕೊಟ್ಟಿತು. ಕಲಬುರಗಿಯ ತೊಗರಿಗೆ 2019ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ, ಬೇಳೆಯ ರುಚಿ ದೇಶಕ್ಕೆಲ್ಲ ಗೊತ್ತು. ಆ ಬೇಳೆ ಬೆಳೆಯುವ ಮನೆಗಳಲ್ಲಿ ಒಂದು ಬೆಳೆ ಕೈಕೊಟ್ಟ ವರ್ಷ ಯಾವ ಮಗು ಕಾಲೇಜು ಬಿಟ್ಟಿತು, ಮಗ ಉಳಿದು ಮಗಳು ಬಿಟ್ಟಳೋ, ಇಬ್ಬರೂ ಬಿಟ್ಟರೋ, ಬಿಟ್ಟವರು ತಿರುಗಿ ಬಂದರೋ? ಇದನ್ನು ಮನೆ ಮನೆ ಹೊಕ್ಕು ಕೇಳಿ ಬರೆಯುವವರು ಬೇಕು. ಹೊರಗಿನಿಂದ ಬಂದವರಿಗೆ ಈ ಪ್ರಶ್ನೆ ಹೊಳೆಯುವುದೂ ಕಷ್ಟ, ಹೊಳೆದರೂ ಉತ್ತರ ಸಿಗುವುದು ಕಷ್ಟ. ನಮ್ಮ ಹೆಣ್ಣುಮಕ್ಕಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಇಂಥವಳಿಗೇ ಹೇಳಿಯಾರು. ಅವಳಿಗೆ ಗೈಡ್ ಸಿಗದೆ ಹೋದರೆ ಇದನ್ನು ಬೇರೆ ಯಾರೂ ಬರೆಯುವುದಿಲ್ಲ.

ಅಷ್ಟರಲ್ಲಿ ಪ್ರಕಟಣೆಯ ಪ್ರಿಂಟು ಬಂತು. ಅಪ್ಪ ಅದನ್ನು ತಿರುವಿ ನೋಡಿದರು, ಹಿಂಬದಿ ಖಾಲಿ ಇತ್ತು. ನನ್ನ ಜೇಬಿನ ಪೆನ್ನು ಕೇಳಿ ಇಸಿದುಕೊಂಡು ಮಗಳ ಕೈಗೆ ಕೊಟ್ಟು, ಕೇಳಬೇಕಾದ್ದನ್ನೆಲ್ಲ ಇದರ ಮೇಲೆ ಬರೆ, ನಾಳೆ ನಾನೂ ಬರ್ತೀನಿ, ಆಫೀಸಿನಾಗ ಒಂದೊಂದೇ ಕೇಳೋಣು ಅಂದರು. ಅವಳು ಝೆರಾಕ್ಸ್ ಮಷಿನ್ನಿನ ಮೇಲೆ ಹಾಳೆ ಇಟ್ಟು ಬರೆಯತೊಡಗಿದಳು. ಗೈಡ್ ಯಾರು. ಜಾಗ ಎಷ್ಟು. ಹಾಸ್ಟೆಲ್ ಎಲ್ಲಿ. ಲೈಬ್ರರಿ ಎಷ್ಟರ ತನಕ. ಫೆಲೋಶಿಪ್ ಎಷ್ಟು ಎಂದು ಬರೆದು ಪೆನ್ನು ಮುಚ್ಚಿದಾಗ ಅಪ್ಪ ಕೈ ಅಡ್ಡ ಹಿಡಿದರು.

“ಯಾವ ತಾರೀಖಿಗಿ ಬರ್ತದ, ಅದೂ ಬರಿ.”